ಪದ ಪರಿಚಯ: ಸತು ಪೂರಣ

ಸತು ಎಂದರೆ ಜಿಂಕ್. ಕಬ್ಬಿಣದ ತಗಡಿಗೆ ತುಕ್ಕು ಹಿಡಿಯದಂತೆ ಲೇಪಿಸುವ ಲೋಹವೇ ಇದು. ಮೈಯೊಳಗೆ ಜೀವಕೋಶ ಒಡೆದು ಎರಡಾಗಲು, ಚರ್ಮವೂ ಕರುಳಿನ ಒಳಪದರವೂ ಹೊಸದಾಗುತ್ತಿರಲು, ಸೋಂಕನ್ನು ಎದುರಿಸಲು ಇದು ಬೇಕು. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ತಾಯಿಹಾಲಿನಲ್ಲಿ ಸಾಲದೆ ಉಳಿದಷ್ಟನ್ನು ಹೊರಗಿನಿಂದ ತುಂಬಿಕೊಡುವುದೇ ಪೂರಣ.

ಹೊಟ್ಟೆಯಲ್ಲಿರುವ ಮಗು ತನ್ನ ಪಾಲಿನ ಸತುವನ್ನು ತಾಯಿಯಿಂದ ಕೂಡಿಸಿಕೊಳ್ಳುವುದು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. 32 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಆ ಗಂಟು ಕೈಸೇರಿರುವುದಿಲ್ಲ. ಎಳೆ ಕರುಳು ಸರಿಯಾಗಿ ಹೀರದು, ಮೈ ಮಾತ್ರ ಭರದಿಂದ ಬೆಳೆಯಬೇಕು. ಮೊದಲ ದಿನಗಳ ಗಿಣ್ಣುಹಾಲಿನಲ್ಲಿ ಸತು ಧಾರಾಳವಾಗಿದ್ದರೂ ವಾರ ಕಳೆದಂತೆ ಇಳಿಯುತ್ತದೆ. ಬಾಣಂತಿ ಸರಿಯಾಗಿ ಉಣ್ಣಲಿಲ್ಲ ಎಂದು ದೂರುವವರಿದ್ದಾರೆ. ಅದು ಅನ್ಯಾಯ. ಹಾಲಿನ ಸತುವಿಗೂ ತಾಯಿಯ ಊಟಕ್ಕೂ ಅಷ್ಟೇನೂ ನಂಟಿಲ್ಲ.

ಎಷ್ಟು ಬೇಕು? ಯುರೋಪಿನ ಮಕ್ಕಳ ಪೋಷಣಾ ತಜ್ಞರು 2022ರಲ್ಲಿ ಹೇಳಿದ ಲೆಕ್ಕ, ದಿನಕ್ಕೆ ಕಿಲೋ ತೂಕಕ್ಕೆ 2ರಿಂದ 3 ಮಿಲಿಗ್ರಾಂ. ಅಂದರೆ ಒಂದು ಕಿಲೋ ಮಗುವಿಗೆ ಹಾಲು, ಹಾಲಿಗೆ ಬೆರೆಸುವ ಪೋಷಕಾಂಶದ ಪುಡಿ, ಡ್ರಾಪ್ಸ್ ಎಲ್ಲ ಸೇರಿ ಇಷ್ಟೇ. ದೊಡ್ಡ ಮಕ್ಕಳಿಗೆ ಭೇದಿಯಾದಾಗ ಕೊಡುವ ಜಿಂಕ್ ಮಾತ್ರೆ ಒಂದರಲ್ಲೇ 20 ಮಿಲಿಗ್ರಾಂ ಇರುತ್ತದೆ! ಅದನ್ನು ಅರೆದು ಈ ಮಗುವಿಗೆ ಕುಡಿಸುವ ಮಾತೇ ಬೇಡ. ಸತು ಅತಿಯಾದರೆ ತಾಮ್ರ ಮೈಗೆ ಹತ್ತದಂತೆ ತಡೆಯುತ್ತದೆ. ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಹನಿಗಳನ್ನು ಸಣ್ಣ ಸಿರಿಂಜಿನಲ್ಲಿ ಅಳೆದು ಹಾಲಿನ ಜೊತೆ ಕೊಡುವುದು ಇದಕ್ಕೇ.

ಇದರಿಂದ ಆಗುವುದೇನು? ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2021ರ ವಿಮರ್ಶೆ ಐದು ಪ್ರಯೋಗಗಳ, ಅವಧಿಗೆ ಮುನ್ನ ಹುಟ್ಟಿದ 482 ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿ ನೋಡಿತು. ಸಾವು ತಕ್ಕಮಟ್ಟಿಗೆ ತಗ್ಗಬಹುದು, ತೂಕ ಮತ್ತು ಉದ್ದ ಇನ್ನಷ್ಟು ಏರಬಹುದು. ಶ್ವಾಸಕೋಶದ ದೀರ್ಘ ತೊಂದರೆ, ಕಣ್ಣಿನ ತೊಂದರೆ, ರಕ್ತದ ಸೋಂಕು, ಕರುಳು ಕೊಳೆಯುವ ಕಾಯಿಲೆ ಇವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ಮಟ್ಟಿಗೆ, ಬೆಳವಣಿಗೆಯೊಂದೇ ಸಾಕಷ್ಟು ದೊಡ್ಡ ಕಾರಣ.

ರಕ್ತಪರೀಕ್ಷೆಯೊಂದನ್ನೇ ನಂಬಿ ಕೊರತೆ ಹೇಳಲಾಗದು, ಸೋಂಕಿದ್ದರೂ ರಕ್ತದ ಸತು ಇಳಿಯುತ್ತದೆ. ಮಗುವನ್ನೇ ನೋಡಬೇಕು. ಹೊಟ್ಟೆ ತುಂಬ ಹಾಲು ಕುಡಿದರೂ ತೂಕ ಏರುತ್ತಿಲ್ಲ, ಬಾಯಿಯ ಸುತ್ತ, ಡಯಾಪರ್ ಕಟ್ಟುವಲ್ಲಿ ಚರ್ಮ ಕೆಂಪಗೆ ಸುಲಿದಿದೆ, ಮುಲಾಮಿಗೆ ಬಗ್ಗುತ್ತಿಲ್ಲ ಎಂದರೆ ವೈದ್ಯರಿಗೆ ತಡಮಾಡದೆ ತೋರಿಸಿ. ಕಾರಣ ಸತುವಿನ ಕೊರತೆಯೇ ಆಗಿದ್ದರೆ, ಸತು ಕೊಡಲು ತೊಡಗಿದ ಕೆಲವೇ ದಿನಗಳಲ್ಲಿ ಆ ಕೆಂಪು ಮಾಯತೊಡಗುತ್ತದೆ.