ಬೈಪಾಸಿಗೆ ಮುನ್ನ ಕೇಳುವ ‘ಪರ್ಸೆಂಟ್’

“ಎಷ್ಟು ಪರ್ಸೆಂಟ್ ರಿಸ್ಕ್ ಐತ್ರೀ ಸಾರ್?” ಎಂದು ಆ್ಯಂಜಿಯೋಗ್ರಾಂ ಸಿ.ಡಿ.ಯನ್ನು ಮೇಜಿನ ಮೇಲಿಡುತ್ತಲೇ ಹಿರಿಯ ಮಗ ಕೇಳಿದರು. ತಂದೆಗೆ 68 ವರ್ಷ. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಮೂರೂ ರಕ್ತನಾಳಗಳಲ್ಲಿ ಅಡಚಣೆಯಿದ್ದು, ಹೃದಯದ ಪಂಪಿಂಗ್ ಶೇ. 40ಕ್ಕೆ ಇಳಿದಿತ್ತು.

ಶಸ್ತ್ರಚಿಕಿತ್ಸೆಯ ನಂತರ ಆಸ್ಪತ್ರೆಯಲ್ಲೇ ಸಾವು ಸಂಭವಿಸುವ ಸಾಧ್ಯತೆಯನ್ನು ಅಂದಾಜಿಸಲು ನಾನು ಬಳಸುವುದು ಯೂರೋಸ್ಕೋರ್ ಎಂಬ ಲೆಕ್ಕಾಚಾರದ ಎರಡನೆಯ ಆವೃತ್ತಿಯನ್ನು. 1999ರ ಮೊದಲ ಆವೃತ್ತಿಯು ಶಸ್ತ್ರಚಿಕಿತ್ಸೆ ಸುಧಾರಿಸಿದಂತೆಲ್ಲ ಅಪಾಯವನ್ನು ಹೆಚ್ಚಿಸಿ ತೋರಿಸತೊಡಗಿದ್ದರಿಂದ, 43 ದೇಶಗಳ 22,381 ರೋಗಿಗಳ ಮಾಹಿತಿಯ ಮೇಲೆ ಅದನ್ನು ಹೊಸದಾಗಿ ಕಟ್ಟಿ 2012ರಲ್ಲಿ ಪ್ರಕಟಿಸಲಾಯಿತು. ವಯಸ್ಸು, ಪಂಪಿಂಗ್, ಕಳೆದ 90 ದಿನಗಳೊಳಗಿನ ಹೃದಯಾಘಾತ, ಶಸ್ತ್ರಚಿಕಿತ್ಸೆಯ ತುರ್ತು ಮೊದಲಾದ ಹದಿನೆಂಟು ಅಂಶಗಳನ್ನು ಅದು ಕೇಳುತ್ತದೆ.

ಈ ಹಿರಿಯರ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯ) 1.2 ಇತ್ತು; ಲ್ಯಾಬಿನವರು ಅದಕ್ಕೆ ‘ನಾರ್ಮಲ್’ ಎಂದೇ ಬರೆದಿದ್ದರು. ಆದರೆ 48 ಕೆ.ಜಿ. ತೂಕದ ಕೃಶಕಾಯಕ್ಕೆ ವಯಸ್ಸನ್ನೂ ಸೇರಿಸಿ ಲೆಕ್ಕ ಹಾಕಿದಾಗ ಮೂತ್ರಪಿಂಡದ ಶೋಧನಾ ಸಾಮರ್ಥ್ಯ ನಿಮಿಷಕ್ಕೆ 40 ಮಿ.ಲೀ. ಮಾತ್ರ ಬಂತು. ದಮ್ಮು ಇದೆಯೇ ಎಂದರೆ ಮಗ “ಏನಿಲ್ರೀ” ಎಂದರು. ಪರೀಕ್ಷೆಗೆಂದು ಅಂಗಿ ಬಿಚ್ಚುವಾಗ ಹಿರಿಯರ ಜೇಬಿನಿಂದ ದಮ್ಮಿನ ಪಂಪು (ಇನ್‌ಹೇಲರ್) ಕೆಳಗೆ ಬಿತ್ತು. ವರ್ಷಗಳಿಂದ ಎಳೆಯುತ್ತಿದ್ದರಂತೆ. ಇವೆರಡನ್ನೂ ಸೇರಿಸಿದಾಗ ಶೇ. 1ರ ಆಸುಪಾಸಿನಲ್ಲಿದ್ದ ಅಂದಾಜು ಎರಡೂವರೆಯ ಹತ್ತಿರ ಬಂತು. ಅಚ್ಚರಿಯೆಂದರೆ ಆ ಏರಿಕೆಯಲ್ಲಿ ದಮ್ಮಿನ ಪಾಲು ಚಿಕ್ಕದು, ಮೂತ್ರಪಿಂಡದ್ದೇ ದೊಡ್ಡದು.

ಹದಿನೈದು ವರ್ಷಗಳಿಂದ ಮಾತ್ರೆಯಲ್ಲೇ ಸಾಗಿರುವ ಅವರ ಸಕ್ಕರೆ ಕಾಯಿಲೆಗೆ ಮಾತ್ರ ಈ ಲೆಕ್ಕದಲ್ಲಿ ಸ್ಥಾನವೇ ಇಲ್ಲ, ಏಕೆಂದರೆ ಇನ್ಸುಲಿನ್ ತೆಗೆದುಕೊಳ್ಳುವವರನ್ನಷ್ಟೇ ಅದು ಎಣಿಸುತ್ತದೆ. ಆದ್ದರಿಂದ ಇಂಥವರು ಹಲವರಿರುವ ನಮ್ಮ ಭಾಗದ ರೋಗಿಗಳ ವಿಷಯದಲ್ಲಿ ಆ ಅಂಕಿಯನ್ನು ನಾನು ಕನಿಷ್ಠ ಅಂದಾಜೆಂದೇ ಓದುತ್ತೇನೆ.

“ಇವರಂಥ ನೂರು ಜನರಿಗೆ ಆಪರೇಷನ್ ಮಾಡಿದರೆ ಇಬ್ಬರೋ ಮೂವರೋ ಮನೆಗೆ ಮರಳದಿರಬಹುದು, ಅವರು ಯಾರೆಂದು ಈ ಲೆಕ್ಕ ಹೇಳುವುದಿಲ್ಲ” ಎಂದು ಮಗನಿಗೆ ತಿಳಿಸಿದೆ. ಎದೆನೋವು ಹತೋಟಿಯಲ್ಲಿದ್ದುದರಿಂದ ಶಸ್ತ್ರಚಿಕಿತ್ಸೆಯನ್ನು ಎರಡು ವಾರ ಮುಂದೂಡಿದೆವು. ಅಷ್ಟರಲ್ಲಿ ಉಸಿರಾಟದ ವ್ಯಾಯಾಮ ಆರಂಭವಾಗಬೇಕಿತ್ತು, ಮೂತ್ರಪಿಂಡಕ್ಕೆ ಹೊರೆಯಾಗಬಲ್ಲ ಆ್ಯಂಜಿಯೋಗ್ರಾಂನ ಡೈ (ರಕ್ತನಾಳ ಕಾಣಲು ಚುಚ್ಚುವ ದ್ರವ) ಇಳಿದ ಮೇಲೆ ಕ್ರಿಯಾಟಿನಿನ್ ಇನ್ನೊಮ್ಮೆ ನೋಡಬೇಕಿತ್ತು. ಹೊರಡುವಾಗ ಹಿರಿಯರು ಪಂಪನ್ನು ಜೇಬಿಗೆ ಹಾಕದೆ ಮಗನ ಕೈಗಿತ್ತರು.