ತೂಕ ಐವತ್ತು ಕಿಲೋ, ಭಾರ ಎಷ್ಟು?

ಹಟ ಹಿಡಿದ ಮಗುವನ್ನು ಎತ್ತಿಕೊಳ್ಳಲು ಹೋದವರಿಗೆಲ್ಲ ಇದು ಗೊತ್ತು. ಬೆಳಿಗ್ಗೆ 'ಎತ್ಕೋ' ಅಂತ ಕೈ ಚಾಚಿದಾಗ ಅದೇ ಮಗು ಹೂವಿನ ಹಾಗೆ ಮೇಲೆ ಬಂದಿರುತ್ತದೆ. ಸಂಜೆ ಆಟ ಬಿಡಿಸಿ ಮನೆಗೆ ಕರೆದುಕೊಂಡು ಹೋಗಬೇಕು ಅಂದಾಗ ನೋಡಿ! ಎರಡೂ ಕೈ ಮೇಲಕ್ಕೆತ್ತಿ, ಮೈಯೆಲ್ಲ ಸಡಿಲ ಬಿಟ್ಟು, ನಮ್ಮ ಹಿಡಿತದಿಂದ ಹಾಗೇ ಜಾರಿ ನೆಲಕ್ಕೆ ಕೂರುತ್ತದೆ. ಹತ್ತು ಹನ್ನೆರಡು ಗಂಟೆಯಲ್ಲಿ ಮಗುವಿನ ತೂಕವೇನೂ ಹೆಚ್ಚಿಲ್ಲ. ಭಾರ ಮಾತ್ರ ಹೆಚ್ಚಿದೆ.

ನಮ್ಮ ಭಾಷೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ಇರುವುದು ನನಗೆ ತುಂಬ ಇಷ್ಟ. ತೂಕ ಅಂದರೆ ತಕ್ಕಡಿ ಹೇಳುವ ಲೆಕ್ಕ. ಭಾರ ಅಂದರೆ ಎತ್ತುವವನ ಸೊಂಟಕ್ಕೆ ತಿಳಿಯುವ ಲೆಕ್ಕ. ಈ ಎರಡರ ನಡುವಿನ ಅಂತರವನ್ನು ಜಗತ್ತಿಗೆಲ್ಲ ತೋರಿಸಿದ ಒಬ್ಬ ಪುಟ್ಟ ಮನುಷ್ಯ ಅಮೆರಿಕದಲ್ಲಿದ್ದ. ಹೆಸರು ಜಾನಿ ಕೂಲಾನ್. 1910ರಿಂದ 1914ರವರೆಗೆ ಬ್ಯಾಂಟಮ್‌ವೇಟ್ ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್.

ಕೂಲಾನ್ ಹುಟ್ಟಿದ್ದು 1889ರ ಫೆಬ್ರವರಿ 12ರಂದು, ಕೆನಡಾದ ಟೊರಾಂಟೊದಲ್ಲಿ. ಬೆಳೆದದ್ದು ಅಮೆರಿಕದ ಶಿಕಾಗೊದಲ್ಲಿ. ಎತ್ತರ ಐದು ಅಡಿಯ ಆಸುಪಾಸು, ತೂಕ ಸುಮಾರು 110 ಪೌಂಡ್, ಅಂದರೆ 50 ಕಿಲೋ. ಇಂಥ ಮೈಕಟ್ಟಿನವನು ಬಾಕ್ಸಿಂಗ್‌ನಲ್ಲಿ ಹೆಸರು ಮಾಡಲು ಸಾಧ್ಯವಾದದ್ದು ತೂಕದ ವರ್ಗಗಳು ಇದ್ದದ್ದರಿಂದ. ಬ್ಯಾಂಟಮ್ ಅನ್ನುವುದು ಒಂದು ಗಿಡ್ಡ ಕೋಳಿಯ ಹೆಸರು. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಬಾಂಟೆನ್ ಎಂಬ ಹಳೇ ಬಂದರು ಇದೆ. ಆ ಊರಿನ ಹೆಸರೇ ಕೋಳಿಗೆ ಬಂತು. ಗಾತ್ರ ಚಿಕ್ಕದಾದರೂ ಜಗಳಕ್ಕೆ ಹಿಂಜರಿಯದ ಆ ಕೋಳಿಯಿಂದ ಬಾಕ್ಸಿಂಗ್‌ಗೂ ಬಂತು. ಕೂಲಾನ್ ಕಾಲದಲ್ಲಿ ಅಮೆರಿಕದ ಈ ವರ್ಗಕ್ಕೆ 116 ಪೌಂಡ್ ಮಿತಿ ಇತ್ತು. ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ 1909ರಲ್ಲಿ 118 ಪೌಂಡ್ ಅಂತ ಗೊತ್ತುಮಾಡಿತು. ಆಮೇಲೆ ಅಮೆರಿಕವೂ ಅದಕ್ಕೇ ಒಪ್ಪಿತು. ಇವತ್ತಿಗೂ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಅದೇ ಲೆಕ್ಕ, 53.5 ಕಿಲೋ.

ಎರಡು ಪೌಂಡಿಗೆ ಇಷ್ಟು ಗಲಾಟೆ ಯಾಕೆ? ಗುದ್ದು ಬರೀ ಮುಷ್ಟಿಯಿಂದ ಹುಟ್ಟುವುದಿಲ್ಲ. ಪಾದ ನೆಲವನ್ನು ಒತ್ತುತ್ತದೆ. ಆ ಒತ್ತು ಮೊಣಕಾಲು, ಸೊಂಟ, ಭುಜ ದಾಟಿ ಕೊನೆಗೆ ಮುಷ್ಟಿಗೆ ಬರುತ್ತದೆ. ಹಿಂದೆ ಎಷ್ಟು ಮೈ ಸೇರಿದೆಯೋ ಗುದ್ದಿಗೆ ಅಷ್ಟು ಬಲ. ಆದರೆ ಏಟು ತಿನ್ನುವ ತಲೆ, ಕತ್ತು ಆ ಲೆಕ್ಕದಲ್ಲಿ ಗಟ್ಟಿಯಾಗುವುದಿಲ್ಲ. ಹಾಗಾಗಿ 50 ಕಿಲೋದವನನ್ನು 80 ಕಿಲೋದವನ ಮುಂದೆ ನಿಲ್ಲಿಸುವುದು ಅನ್ಯಾಯ. ಆದರೆ ಚಿಕ್ಕ ಮೈಗೆ ತನ್ನದೇ ಒಂದು ಅನುಕೂಲವೂ ಇದೆ. ಸ್ನಾಯುವಿನ ಶಕ್ತಿ ಅದರ ದಪ್ಪವನ್ನು, ಅಂದರೆ ಅಡ್ಡ ಕತ್ತರಿಸಿದರೆ ಕಾಣುವ ಹರವನ್ನು ಅವಲಂಬಿಸಿದೆ. ತೂಕ ಇಡೀ ಗಾತ್ರವನ್ನು ಅವಲಂಬಿಸಿದೆ. ಅದೇ ಆಕಾರದ ದೇಹವನ್ನು ಎಲ್ಲ ದಿಕ್ಕಿನಲ್ಲೂ ಎರಡು ಪಟ್ಟು ದೊಡ್ಡದು ಮಾಡಿದರೆ ಶಕ್ತಿ ನಾಲ್ಕು ಪಟ್ಟು, ತೂಕ ಎಂಟು ಪಟ್ಟು. ಅಂದರೆ ಒಂದೊಂದು ಕಿಲೋಗೆ ಸಿಗುವ ಶಕ್ತಿಯಲ್ಲಿ ಚಿಕ್ಕವರೇ ಮುಂದೆ. ಬ್ಯಾಂಟಮ್‌ವೇಟ್ ಪಂದ್ಯಗಳು ಅಷ್ಟು ಚುರುಕಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಕೂಲಾನ್ 1908ರಲ್ಲಿ ಕಿಡ್ ಮರ್ಫಿಯನ್ನು ಸೋಲಿಸಿ ಅಮೆರಿಕದ ಪಟ್ಟಕ್ಕೆ ಹಕ್ಕು ಸಾಧಿಸಿದ. 1910ರ ಮಾರ್ಚ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಇಂಗ್ಲೆಂಡಿನ ಜಿಮ್ ಕೆಂಡ್ರಿಕ್‌ನನ್ನು 19ನೇ ಸುತ್ತಿನಲ್ಲಿ ಕೆಡವಿ ವಿಶ್ವ ಪಟ್ಟ ಗೆದ್ದ. 19ನೇ ಸುತ್ತು! ಇವತ್ತು ದೊಡ್ಡ ಪಂದ್ಯ ಅಂದರೂ 12 ಸುತ್ತು ಅಷ್ಟೇ.

1912ರ ಫೆಬ್ರವರಿ ತಿಂಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಫೆಬ್ರವರಿ 3ರಂದು ಕ್ಯಾಲಿಫೋರ್ನಿಯಾದ ವರ್ನನ್‌ನಲ್ಲಿ ಫ್ರಾಂಕಿ ಕಾನ್ಲಿ ಎದುರು 20 ಸುತ್ತು. ಫೆಬ್ರವರಿ 18ರಂದು ಎರಡು ಸಾವಿರ ಕಿಲೋಮೀಟರಿಗೂ ದೂರದ ನ್ಯೂ ಆರ್ಲಿಯನ್ಸ್‌ನಲ್ಲಿ ಫ್ರಾಂಕಿ ಬರ್ನ್ಸ್ ಎದುರು ಮತ್ತೆ 20 ಸುತ್ತು. ಒಂದು ಸುತ್ತಿಗೆ ಮೂರು ನಿಮಿಷ. ಎರಡು ಪಂದ್ಯ ಸೇರಿ ಹದಿನೈದು ದಿನದಲ್ಲಿ ಎರಡು ಗಂಟೆ ಹೊಡೆದಾಟ. ಎರಡನ್ನೂ ಗೆದ್ದ.

ದೇಹ ಇದನ್ನು ಹೇಗೆ ತಾಳುತ್ತದೆ? ಪಟಪಟನೆ ಗುದ್ದುವಾಗ ಸ್ನಾಯು ಬಳಸುವುದು ಕ್ರಿಯಾಟಿನ್ ಫಾಸ್ಫೇಟ್ ಎಂಬ ಸಣ್ಣ ದಾಸ್ತಾನನ್ನು. ಪೂರ್ತಿ ಜೋರಿನಲ್ಲಿ ದುಡಿದರೆ ಅದು ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತಾ ಬರುತ್ತದೆ. ಸುತ್ತುಗಳ ನಡುವಿನ ಒಂದು ನಿಮಿಷದ ವಿರಾಮದಲ್ಲಿ ಆಮ್ಲಜನಕದ ಸಹಾಯದಿಂದ ಅರ್ಧಕ್ಕಿಂತ ಜಾಸ್ತಿ ಮತ್ತೆ ತುಂಬುತ್ತದೆ. ಹಾಗಾಗಿ ಇಪ್ಪತ್ತು ಸುತ್ತಿನ ಪಂದ್ಯದಲ್ಲಿ ಗುದ್ದಿನ ಜೋರಿನಷ್ಟೇ ಮುಖ್ಯವಾದದ್ದು ಉಸಿರಾಟ. ಬೇಗ ಸುಧಾರಿಸಿಕೊಳ್ಳುವವನು ಕೊನೆಯವರೆಗೂ ನಿಲ್ಲುತ್ತಾನೆ. ಅದರ ಜೊತೆಗೆ ಮೆದುಳು ತಿನ್ನುವ ಪೆಟ್ಟಿನ ಲೆಕ್ಕ ಬೇರೆ ಇದೆ. ಬಾಕ್ಸರುಗಳ ಮೆದುಳಿಗೆ ದೀರ್ಘಕಾಲದ ಹಾನಿ ಆಗುತ್ತದೆ ಅಂತ ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದದ್ದು 1928ರಲ್ಲಿ. ಕೂಲಾನ್ ಆ ಹೊತ್ತಿಗೆ ರಿಂಗ್ ಬಿಟ್ಟು ಎಂಟು ವರ್ಷವಾಗಿತ್ತು.

ಪಟ್ಟ ಕೈಬಿಟ್ಟದ್ದು 1914ರ ಜೂನ್ 9ರಂದು. ಡೆನ್ಮಾರ್ಕ್‌ನಲ್ಲಿ ಹುಟ್ಟಿ ಬಾಲ್ಟಿಮೋರ್‌ನಲ್ಲಿ ಬೆಳೆದ ಕಿಡ್ ವಿಲಿಯಮ್ಸ್ ಮೂರನೇ ಸುತ್ತಿನಲ್ಲೇ ಕೂಲಾನ್‌ನನ್ನು ಕೆಡವಿದ. ಮುಂದೆ ಮೊದಲ ಮಹಾಯುದ್ಧ ಬಂತು. ಕೂಲಾನ್ ಸೈನಿಕರಿಗೆ ಬಾಕ್ಸಿಂಗ್ ಕಲಿಸಿದ. 1920ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸಿನ ಶಾರ್ಲ್ ಲೆದೂ ಎದುರು ಸೋತು ರಿಂಗಿನಿಂದ ಇಳಿದ. ಬಾಕ್ಸರ್ ಆಗಿ ಅಲ್ಲಿಗೆ ಮುಗಿಯಿತು. ಆದರೆ ಅದೇ ಪ್ಯಾರಿಸ್‌ನಲ್ಲಿ ಅವನ ಹೆಸರು ಇನ್ನೊಂದು ಕಾರಣಕ್ಕೆ ಊರೆಲ್ಲ ಹಬ್ಬಿತು. ಎತ್ತಲಾಗದ ಮನುಷ್ಯ!

ಆಟ ಹೀಗಿತ್ತು. ಒಬ್ಬ ಗಟ್ಟಿಮುಟ್ಟಾದ ಆಳನ್ನು ಕರೆಯುತ್ತಿದ್ದ. 'ನನ್ನ ಸೊಂಟ ಹಿಡಿದು ಎತ್ತು' ಅನ್ನುತ್ತಿದ್ದ. ಆ ಆಳು ಸಲೀಸಾಗಿ ಎತ್ತುತ್ತಿದ್ದ. ಐವತ್ತು ಕಿಲೋ ಏನು ಮಹಾ? 'ಈಗ ಇನ್ನೊಂದು ಸಲ' ಅಂತ ಕೂಲಾನ್ ಒಂದು ಕೈಯನ್ನು ಎತ್ತುವವನ ಮಣಿಕಟ್ಟಿನ ಮೇಲಿಡುತ್ತಿದ್ದ. ಇನ್ನೊಂದು ಕೈಯ ಬೆರಳನ್ನು ಅವನ ಕತ್ತಿನ ಪಕ್ಕಕ್ಕೆ, ಕಿವಿಯ ಕೆಳಗೆ ತಾಗಿಸುತ್ತಿದ್ದ. ಅಷ್ಟೇ. ಈ ಸಲ ಆ ಆಳು ಬೆವರು ಸುರಿಸಿದರೂ ಕೂಲಾನ್‌ನ ಪಾದ ನೆಲ ಬಿಡುತ್ತಿರಲಿಲ್ಲ. ಪೈಲ್ವಾನರು ಬಂದರು, ಸೋತರು. ನರ ಒತ್ತಿ ಶಕ್ತಿ ಇಳಿಸುತ್ತಾನೆ ಅಂದರು ಕೆಲವರು. ಮೈಯಿಂದ ವಿದ್ಯುತ್ ಹರಿಸುತ್ತಾನೆ, ಮನಸ್ಸನ್ನೇ ಹಿಡಿದುಬಿಡುತ್ತಾನೆ ಅಂದರು ಇನ್ನು ಕೆಲವರು.

ಕತ್ತಿನ ವಿಷಯ ಮೊದಲು ನೋಡಿಬಿಡೋಣ. ಅಲ್ಲಿ ಮೆದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳ ಇದೆ. ಅದು ಕವಲೊಡೆಯುವ ಜಾಗದಲ್ಲಿ ರಕ್ತದೊತ್ತಡ ಅಳೆಯುವ ನರದ ತುದಿಗಳಿವೆ. ಅಲ್ಲಿ ಒತ್ತಿದರೆ ಒತ್ತಡ ಹೆಚ್ಚಿದೆ ಅಂತ ಮೆದುಳು ತಪ್ಪು ತಿಳಿದು ಹೃದಯವನ್ನು ನಿಧಾನ ಮಾಡುತ್ತದೆ. ಜೋರಾಗಿ ಒತ್ತಿದರೆ ಕೆಲವರಿಗೆ ತಲೆ ಸುತ್ತಬಹುದು, ಪ್ರಜ್ಞೆಯೂ ತಪ್ಪಬಹುದು. ಆದರೆ ಮನುಷ್ಯ ಚೆನ್ನಾಗಿ ನಿಂತುಕೊಂಡೇ ಇದ್ದು ತೋಳಿನ ಬಲ ಮಾತ್ರ ಮಾಯವಾಗುವುದು ಇದರಿಂದ ಆಗುವುದಿಲ್ಲ. ಗುಟ್ಟು ಬೆರಳು ಯಾವ ನರದ ಮೇಲಿದೆ ಅನ್ನುವುದರಲ್ಲಿ ಇಲ್ಲ. ಆ ಬೆರಳು ಯಾವ ಕಡೆಗೆ ತಳ್ಳುತ್ತಿದೆ ಅನ್ನುವುದರಲ್ಲಿದೆ.

ಈ ಗುಟ್ಟು ಕೂಲಾನ್ ಹುಟ್ಟುವ ಮೊದಲೇ ಬಯಲಾಗಿತ್ತು. 1883ರಲ್ಲಿ ಜಾರ್ಜಿಯಾ ರಾಜ್ಯದ ಲುಲು ಹರ್ಸ್ಟ್ ಎಂಬ ಹದಿಹರೆಯದ ಹುಡುಗಿ ವೇದಿಕೆ ಹತ್ತಿದಳು. ಒಬ್ಬ ಗಂಡಸು ಕೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರೆ ಅವಳು ಅದಕ್ಕೆ ಅಂಗೈ ತಾಗಿಸುತ್ತಿದ್ದಳು. ಆ ಗಂಡಸು ವೇದಿಕೆಯ ತುಂಬಾ ತೂರಾಡುತ್ತಿದ್ದ. ವಾಷಿಂಗ್ಟನ್‌ನಲ್ಲಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ರ ಪ್ರಯೋಗಾಲಯದಲ್ಲಿ ಅವಳ ಪರೀಕ್ಷೆ ನಡೆಯಿತು. ಖಗೋಳ ವಿಜ್ಞಾನಿ ಸೈಮನ್ ನ್ಯೂಕಮ್ ಹತ್ತಿರದಿಂದ ನೋಡಿದರು. ಅವರಿಗೆ ಕಂಡದ್ದು ಬರೀ ಸ್ನಾಯುವಿನ ಕೆಲಸ. ಹುಡುಗಿ ಸ್ವಲ್ಪ ಒತ್ತುತ್ತಾಳೆ. ಹಿಡಿದವನು ಅದನ್ನು ತಡೆಯಲು ತನಗೇ ಗೊತ್ತಿಲ್ಲದೆ ಜೋರಾಗಿ ಒತ್ತುತ್ತಾನೆ. ಅವಳು ದಿಕ್ಕು ಬದಲಿಸಿದಾಗ ಅವನ ಬಲವೇ ಅವನನ್ನು ಬೀಳಿಸುತ್ತದೆ. ಲುಲು ಹರ್ಸ್ಟ್ ಕೂಡ 1897ರಲ್ಲಿ ತನ್ನ ಆತ್ಮಕಥೆ ಬರೆದು ಇದೆಲ್ಲ ಸನ್ನೆಗೋಲಿನ ನಿಯಮ ಅಂತ ಬಿಡಿಸಿ ಹೇಳಿದಳು. ಮೀಟುಗೋಲಿನಿಂದ ಬಂಡೆ ಎಬ್ಬಿಸುತ್ತೇವಲ್ಲ, ಅದೇ ನಿಯಮ.

ಕೂಲಾನ್‌ನ ಆಟಕ್ಕೆ ಇದನ್ನು ಹಚ್ಚಿ ನೋಡೋಣ. ನೀರು ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಮುಂದೆ ಹಿಡಿಯಿರಿ ನೋಡೋಣ. ಹತ್ತು ಹೆಜ್ಜೆಯೂ ಆಗುವುದಿಲ್ಲ, ಅಲ್ವಾ? ಬೆನ್ನುಮೂಳೆಯ ಹಿಂದೆ ನಮ್ಮನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುಗಳಿವೆ. ಅವು ಬೆನ್ನುಮೂಳೆಯ ಕೀಲಿನಿಂದ ಸುಮಾರು 5 ಸೆಂಟಿಮೀಟರ್ ಹಿಂದಿವೆ. ಎತ್ತುವ ವಸ್ತು ಕೀಲಿನಿಂದ 30 ಸೆಂಟಿಮೀಟರ್ ಮುಂದಿದ್ದರೆ ಅದು ಆರು ಪಟ್ಟು ದೂರ. ಹಾಗಾಗಿ ಸ್ನಾಯು ಆರು ಪಟ್ಟು ಬಲ ಹಾಕಬೇಕು. 50 ಕಿಲೋದ ಕೂಲಾನ್ ಮೈಗೆ ಅಂಟಿಕೊಂಡಿದ್ದರೆ ಬೆನ್ನಿಗೆ ಅವನು 300 ಕಿಲೋ. ಅವನನ್ನು 50 ಸೆಂಟಿಮೀಟರಿಗೆ ದೂರ ಮಾಡಿದರೆ ಹತ್ತು ಪಟ್ಟು, ಅಂದರೆ 500 ಕಿಲೋ. ಇದು ಒರಟು ಲೆಕ್ಕ. ಎತ್ತುವವನ ಸ್ವಂತ ಮೈಯ ಭಾರವನ್ನು ನಾನು ಸೇರಿಸಿಲ್ಲ. ಬೆನ್ನು ಹೇಗೋ ತಾಳಿತು ಅನ್ನಿ. ಅದಕ್ಕಿಂತ ಮೊದಲೇ ಚಾಚಿದ ತೋಳಿನ ಭುಜ ಕೈಕೊಡುತ್ತದೆ.

ಇಪ್ಪತ್ತು ಸೆಂಟಿಮೀಟರ್ ಅಂದರೆ ಅಂಗೈ ಅಗಲಿಸಿದರೆ ಆಗುವ ಒಂದು ಗೇಣು. ಕೂಲಾನ್‌ಗೆ ಬೇಕಾದದ್ದು ಆ ಒಂದು ಗೇಣು ಮಾತ್ರ. ಕತ್ತಿನ ಮೇಲಿನ ಬೆರಳು ಅದನ್ನೇ ಮಾಡುತ್ತಿತ್ತು. ಮಣಿಕಟ್ಟಿನ ಮೇಲಿನ ಕೈ ಹಿಡಿತವನ್ನು ಬಿಗಿಯಾಗಲು ಬಿಡುತ್ತಿರಲಿಲ್ಲ.

ಸಮತೋಲನದ ತೊಂದರೆ ಇನ್ನೂ ದೊಡ್ಡದು. ಎತ್ತುವವನ ತೂಕ 70 ಕಿಲೋ ಅಂತ ಇಟ್ಟುಕೊಳ್ಳಿ. ಕೂಲಾನ್ ಅವನಿಗಿಂತ ಅರ್ಧ ಮೀಟರ್ ಮುಂದೆ ಇದ್ದಾನೆ. ಕೂಲಾನ್‌ನ ಪಾದ ನೆಲ ಬಿಟ್ಟ ಕ್ಷಣಕ್ಕೆ ಇಬ್ಬರೂ ಸೇರಿ ಒಂದೇ ದೇಹವಾಗುತ್ತಾರೆ. ಆ ಜೋಡಿ ದೇಹದ ಗುರುತ್ವ ಕೇಂದ್ರ ಎತ್ತುವವನ ಸ್ವಂತ ಕೇಂದ್ರಕ್ಕಿಂತ 21 ಸೆಂಟಿಮೀಟರ್ ಮುಂದಕ್ಕೆ ಹೋಗುತ್ತದೆ. ಅವನ ಕಾಲ್ಬೆರಳನ್ನೂ ದಾಟುತ್ತದೆ. ಅಂದರೆ ಮುಗ್ಗರಿಸಲೇಬೇಕು. ಬೀಳದೆ ಎತ್ತಬೇಕಾದರೆ ಕೂಲಾನ್‌ನನ್ನು ಎದೆಗೆ ಎಳೆದುಕೊಳ್ಳಬೇಕು, ಜೊತೆಗೆ ತಾನು ಸ್ವಲ್ಪ ಹಿಂದಕ್ಕೆ ವಾಲಬೇಕು. ಎಳೆಯಲು ಬೆರಳು ಬಿಡುವುದಿಲ್ಲ. ಕತ್ತು ಹಿಂದಕ್ಕೆ ಹೋಗುತ್ತಿದೆ ಅಂದಾಗ ಅವನು ತಾನಾಗಿ ಮುಂದಕ್ಕೆ ಒತ್ತುತ್ತಾನೆ. ಮೇಲಕ್ಕೆ ಹೋಗಬೇಕಾದ ಬಲ ಮುಂದಕ್ಕೆ ಹೋಗಿ ಪೋಲಾಗುತ್ತದೆ.

ಇಷ್ಟೆಲ್ಲ ಬರೀ ಬೆರಳಿನಿಂದ ಆಗುತ್ತದೆಯೇ ಅನ್ನಿಸಬಹುದು. ನೆಟ್ಟಗೆ ನಿಂತವನ ತೂಕ ಅವನ ಹಿಮ್ಮಡಿಗಿಂತ ಸುಮಾರು 10 ಸೆಂಟಿಮೀಟರ್ ಮುಂದೆ ಬೀಳುತ್ತದೆ. ಕತ್ತು ನೆಲದಿಂದ 150 ಸೆಂಟಿಮೀಟರ್ ಮೇಲಿದೆ. 70ನ್ನು 10ರಿಂದ ಗುಣಿಸಿದರೆ 700. 5ನ್ನು 150ರಿಂದ ಗುಣಿಸಿದರೆ 750. ಅಂದರೆ ಕತ್ತಿನ ಹತ್ತಿರ 5 ಕಿಲೋ ತೂಕದಷ್ಟು ತಳ್ಳಿದರೂ 70 ಕಿಲೋದ ಆಳು ಹಿಂದಕ್ಕೆ ವಾಲುತ್ತಾನೆ. ಕತ್ತನ್ನೇ ಆರಿಸಿಕೊಂಡದ್ದು ಅದಕ್ಕೇ. ಅದು ಉದ್ದವಾದ ಸನ್ನೆಗೋಲಿನ ತುದಿ.

ಇನ್ನೊಂದು ಮಾತು ಉಳಿಯಿತು. ಮೊದಲ ಸಲ ಸಲೀಸಾಗಿ ಎತ್ತಲು ಆದದ್ದು ಹೇಗೆ? ಎತ್ತಿಸಿಕೊಳ್ಳುವವನು ಸಹಾಯ ಮಾಡುತ್ತಾನೆ. ಮೈ ಬಿಗಿ ಹಿಡಿದು, ಎತ್ತುವವನ ಕಡೆಗೆ ವಾಲಿ, ಅವನ ಕೈ ಜಾರದ ಹಾಗೆ ನಿಲ್ಲುತ್ತಾನೆ. ಕೈ ಚಾಚಿದ ಮಗುವೂ ಹಾಗೇ ಮಾಡುತ್ತದೆ. ಎರಡನೇ ಸಲ ಮೈ ಸಡಿಲ ಬಿಟ್ಟರೆ ಬಟ್ಟೆ, ಚರ್ಮ ಮೇಲೆ ಜಾರುತ್ತವೆ, ಮೂಳೆ ಅಲ್ಲೇ ಇರುತ್ತದೆ. ಇಬ್ಬರನ್ನೂ ಒಂದೇ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸಿದರೆ ಎರಡೂ ಸಲ ಅದು 120 ಕಿಲೋ ಅಂತಲೇ ತೋರಿಸುತ್ತದೆ. ಮನೆಯಲ್ಲಿ ನೋಡಬೇಕು ಅನ್ನಿಸಿದರೆ ಕತ್ತಿನ ತಂಟೆಗೆ ಹೋಗಬೇಡಿ. ಭುಜಗಳ ಮೇಲೆ ಕೈಯಿಟ್ಟು ಮೆಲ್ಲಗೆ ಹಿಂದಕ್ಕೆ ತಳ್ಳಿದರೆ ಸಾಕು. ಬೆನ್ನು ನೋವಿರುವವರು ಸುಮ್ನೆ ನೋಡುತ್ತಾ ಕೂರುವುದು ಒಳ್ಳೆಯದು.

ಕೂಲಾನ್ ಪ್ಯಾರಿಸ್‌ನಿಂದ ಶಿಕಾಗೊಗೆ ಮರಳಿದ. ಅಲ್ಲಿನ ಈಸ್ಟ್ 63ನೇ ಬೀದಿಯಲ್ಲಿ ಹೆಂಡತಿಯ ಜೊತೆ ಜಿಮ್ ನಡೆಸಿದ. ಅದು ಹತ್ತಾರು ವರ್ಷ ನಡೆಯಿತು. ಜೋ ಲೂಯಿಸ್, ಶುಗರ್ ರೇ ರಾಬಿನ್ಸನ್‌ರಂಥವರು ಅಲ್ಲಿಗೆ ಬರುತ್ತಿದ್ದರು. ಎಪ್ಪತ್ತು ದಾಟಿದ ಮೇಲೂ ಕೂಲಾನ್ ರಿಂಗಿನ ಹಗ್ಗದ ಮೇಲಿಂದ ಹಾರಿ ಹೊರಗೆ ನಿಲ್ಲುತ್ತಿದ್ದ. 1973ರಲ್ಲಿ, 84ನೇ ವಯಸ್ಸಿನಲ್ಲಿ, ತೀರಿಕೊಂಡ.

ಆ ಜಿಮ್‌ನ ಒಂದು ಫೋಟೋ ಇದೆ. ಮುಹಮ್ಮದ್ ಅಲಿ ಈ ಮುದುಕನನ್ನು ಎತ್ತಲು ನೋಡುತ್ತಿದ್ದಾನೆ. ಅಲಿಯ ಎತ್ತರ 191 ಸೆಂಟಿಮೀಟರ್, ತೂಕ ಕೂಲಾನ್‌ನ ಸುಮಾರು ಎರಡು ಪಟ್ಟು. ಅಷ್ಟು ಎತ್ತರದವನು ಐದು ಅಡಿಯವನ ಸೊಂಟ ಹಿಡಿಯಬೇಕಾದರೆ ಬಗ್ಗಲೇಬೇಕು. ಬಗ್ಗಿದರೆ ಸೊಂಟ ಹಿಂದಕ್ಕೆ ಹೋಗುತ್ತದೆ, ಅಂತರ ಇನ್ನೂ ಹೆಚ್ಚುತ್ತದೆ. ಆ ಉದ್ದನೆಯ ತೋಳುಗಳು ರಿಂಗಿನಲ್ಲಿ ಅಲಿಯ ದೊಡ್ಡ ಆಸ್ತಿ. ಇಲ್ಲಿ ಅವೇ ಕೂಲಾನ್‌ಗೆ ಬೇಕಾದ ಆ ಒಂದು ಗೇಣನ್ನು ಒದಗಿಸಿಬಿಟ್ಟಿವೆ.