ಸಂಜೆ ಕಾಲೇಜಿಗೆ ಮೊದಲು ಒಪ್ಪಬೇಕಾದವರು ಶಿಫ್ಟ್ ಇನ್‌ಚಾರ್ಜ್

ಪೀಣ್ಯದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿರುವ ಹುಡುಗ ಸಲಹೆ ಕೇಳಿಕೊಂಡು ಬಂದಿದ್ದ. ಮೆಕ್ಯಾನಿಕಲ್ ಡಿಪ್ಲೊಮಾ, ಮೂರು ವರ್ಷದ ಅನುಭವ, ಕೈಗೆ ಬರುವುದು 24 ಸಾವಿರ. ‘ಕೆಲಸ ಬಿಟ್ಟು ಬಿಇ ಸೇರಲಾ, ಇಲ್ಲ ಸಂಜೆ ಓದಲಾ ಸರ್?’ ಎಂದ. ನಾನು ಅಂಕಪಟ್ಟಿ ಕೇಳಲಿಲ್ಲ, ಹಿಂದಿನ ಎರಡು ತಿಂಗಳ ಶಿಫ್ಟ್ ಚಾರ್ಟ್ ಕೇಳಿದೆ.

ಮೊಬೈಲಿನಲ್ಲಿ ಫೋಟೊ ಇತ್ತು. ಒಂದು ವಾರ ಬೆಳಿಗ್ಗೆ ಆರಕ್ಕೆ, ಮುಂದಿನ ವಾರ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು, ಆಮೇಲಿನ ವಾರ ರಾತ್ರಿಪಾಳಿ. ಸಂಜೆ ಆರರಿಂದ ಒಂಬತ್ತರವರೆಗೆ ತರಗತಿ ಎಂದಿಟ್ಟುಕೊಳ್ಳಿ. ಸೆಕೆಂಡ್ ಶಿಫ್ಟ್ ವಾರ ಪಾಠ ಪೂರ್ತಿ ತಪ್ಪಿತು. ರಾತ್ರಿಪಾಳಿ ವಾರ ಒಂಬತ್ತಕ್ಕೆ ತರಗತಿ ಬಿಟ್ಟು ಹತ್ತಕ್ಕೆ ಗೇಟಿನಲ್ಲಿ ಪಂಚ್ ಮಾಡಬೇಕು, ಊಟ ಬಸ್ಸಿನಲ್ಲೇ. ಅದನ್ನೂ ನಿಭಾಯಿಸಿದ ಎಂದುಕೊಂಡರೂ ಹಾಜರಿ ನೂರಕ್ಕೆ 67 ದಾಟುವುದಿಲ್ಲ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಬಿಇಗೆ ಕೇಳುವುದು 85.

ಕಾಲೇಜು ಸೀಟು ಕೊಡುತ್ತದೆ ನಿಜ. ಸಮಯ ಕೊಡಬೇಕಾದವರು ಶಿಫ್ಟ್ ಇನ್‌ಚಾರ್ಜ್. ಇಪ್ಪತ್ತು ವರ್ಷ ಕಾರ್ಖಾನೆಗಳಿಗೆ ಜನ ತೆಗೆದುಕೊಳ್ಳುವ ಕೆಲಸ ಮಾಡಿದ್ದೇನೆ. ಅರ್ಧಕ್ಕೆ ಓದು ಬಿಟ್ಟವರಲ್ಲಿ ಪಾಠ ತಲೆಗೆ ಹತ್ತದೆ ಬಿಟ್ಟವರು ಕಡಿಮೆ. ಒಳ್ಳೆಯ ಸೂಪರ್‌ವೈಸರ್ ಬೇರೆ ಪ್ಲಾಂಟಿಗೆ ಹೋದ, ಹೊಸಬ ಬಂದ, ಬಾಯಿಮಾತಿನ ಒಪ್ಪಿಗೆ ಅಲ್ಲಿಗೆ ಮುಗಿಯಿತು ಎನ್ನುವವರೇ ಹೆಚ್ಚು. ನಾನೂ ಆ ಸಾಲಿನವನೇ. ಸಂಜೆಯ ಎಂಬಿಎಗೆ ಸೇರಿ, ಎರಡನೇ ಸೆಮಿಸ್ಟರಿನ ನಡುವೆ ಕಂಪನಿಯ ಆಡಿಟ್ ಬಂದಾಗ ಬಿಟ್ಟೆ. ಕಟ್ಟಿದ ಶುಲ್ಕ ಹೋಯಿತು. ಪುಸ್ತಕಗಳು ಅಟ್ಟದ ಮೇಲಿವೆ.

ಹಾಗೆಂದು ಕೆಲಸ ಬಿಡುವುದು ಸುಲಭವೇ? ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇಗೆ ಲ್ಯಾಟರಲ್ ಎಂಟ್ರಿ, ಅಂದರೆ ನೇರ ಎರಡನೇ ವರ್ಷಕ್ಕೆ ಸೀಟು, ಪಡೆದರೂ ಮೂರು ವರ್ಷ. 24 ಸಾವಿರದ ಲೆಕ್ಕದಲ್ಲಿ 36 ತಿಂಗಳಿಗೆ ಕೈಬಿಡುವ ಸಂಬಳವೇ 8 ಲಕ್ಷದ 64 ಸಾವಿರ. ಎಲ್ಲರೂ ಕೂಡಿಸುವುದು ಕಾಲೇಜಿನ ಶುಲ್ಕವನ್ನು, ಈ ದೊಡ್ಡ ಮೊತ್ತ ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದು ಕಡೆಯನ್ನೂ ನೋಡಬೇಕು. ಹಗಲು ಓದಿದವರಿಗೆ ಕ್ಯಾಂಪಸ್ ಸಂದರ್ಶನ ಸಿಗುತ್ತದೆ, ಸಂಜೆಯವರು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಎಂಟೆಕ್ ಆದರೆ ಲೆಕ್ಕವೇ ತಿರುವುಮುರುವು: ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆ ಪಾಸಾಗಿ ಪೂರ್ಣಾವಧಿಗೆ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಬರುತ್ತದೆ, ಅರೆಕಾಲಿಕರಿಗೆ ಅದಿಲ್ಲ.

ಕೆಲಸದಲ್ಲಿರುವವರಿಗೆಂದೇ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ 2023ರಿಂದ ಬಿಇ ಕೋರ್ಸ್‌ಗಳಿಗೆ ಒಪ್ಪಿಗೆ ಕೊಡುತ್ತಿದೆ. ಕನಿಷ್ಠ ಒಂದು ವರ್ಷದ ಕೆಲಸದ ಅನುಭವ ಬೇಕು, ಕಾಲೇಜು ಕೆಲಸದ ಜಾಗಕ್ಕೆ ಹತ್ತಿರದಲ್ಲಿರಬೇಕು. ಪಾಳಿ ಬದಲಾಗದೆ ದಿನವೂ ಹಗಲಲ್ಲೇ ದುಡಿಯುವ ಜನರಲ್ ಶಿಫ್ಟಿನವರಿಗೆ ಇದು ಒಳ್ಳೆಯ ದಾರಿ. ಪಾಳಿ ಬದಲಾಗುವವರ ಕಷ್ಟವನ್ನು ಎಐಸಿಟಿಇ ಬಗೆಹರಿಸಲಾರದು.

ನಾನು ನಿಜಕ್ಕೂ ಹೆದರುವುದು ಮೂರನೇ ದಾರಿಗೆ. ‘ಹಾಜರಿ ನಾವು ನೋಡಿಕೊಳ್ಳುತ್ತೇವೆ, ನೀವು ಕೆಲಸ ಮಾಡಿಕೊಂಡೇ ರೆಗ್ಯುಲರ್ ಡಿಗ್ರಿ ಮುಗಿಸಿ’ ಎನ್ನುವ ಏಜೆಂಟರು ಇದ್ದಾರೆ. ಒಬ್ಬ ಅಭ್ಯರ್ಥಿಯನ್ನು ಆಫರ್ ಲೆಟರ್ ಕೊಟ್ಟ ಮೇಲೆ ಕೈಬಿಡಬೇಕಾಯಿತು. ಅಂಕಪಟ್ಟಿಯಲ್ಲಿ ಪೂರ್ಣಾವಧಿ ಪದವಿ. ಪಿಎಫ್‌ನ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ತೆರೆದರೆ ಅದೇ ಮೂರು ವರ್ಷ ಇನ್ನೊಂದು ಊರಿನ ಕಂಪನಿಯಲ್ಲಿ ಒಂದು ತಿಂಗಳೂ ಬಿಡದೆ ವಂತಿಗೆ. ಎರಡರಲ್ಲಿ ಯಾವುದು ನಿಜ ಎಂದು ಕೇಳಿದರೆ ಅವನ ಬಳಿ ಉತ್ತರವಿರಲಿಲ್ಲ. ಪ್ರಾಮಾಣಿಕವಾಗಿ ಸಂಜೆ ಕೋರ್ಸ್ ಎಂದು ಬರೆದಿದ್ದರೆ ನಾನೇ ಮೆಚ್ಚಿ ತೆಗೆದುಕೊಳ್ಳುತ್ತಿದ್ದೆ.

ದೂರಶಿಕ್ಷಣದ ಬಗ್ಗೆ ಒಂದೆರಡು ಮಾತು. ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ರೆಗ್ಯುಲರ್‌ಗೆ ಸಮ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಹೇಳಿದೆ. ಬಿಕಾಂ, ಎಂಎ ಓದುವವರಿಗೆ ಇಷ್ಟು ಸಾಕು. ಎಂಜಿನಿಯರಿಂಗ್‌ನಲ್ಲಿ ಈ ಆಸೆ ಬೇಡ, ಅಂಚೆ ಮೂಲಕ ಪಡೆದ ಎಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲೇ ಬಾಗಿಲು ಹಾಕಿದೆ. ಮಾನ್ಯತೆಯನ್ನು ನೋಡುವಾಗಲೂ ನೀವು ಸೇರುವ ವರ್ಷಕ್ಕೆ ಅದು ಇದೆಯೇ ಎಂದು ಯುಜಿಸಿ ಪಟ್ಟಿಯಲ್ಲೇ ನೋಡಿ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2013ರ ನಂತರ ಕೆಲವು ವರ್ಷ ಮಾನ್ಯತೆ ಇಲ್ಲದೆ, 2018ರಲ್ಲಿ ಮತ್ತೆ ಸಿಕ್ಕಿತು. ನಡುವಿನ ವರ್ಷಗಳಲ್ಲಿ ಸೇರಿದವರ ಅಲೆದಾಟವನ್ನು ನಾವೆಲ್ಲ ಕಂಡಿದ್ದೇವೆ.

ಪೀಣ್ಯದ ಹುಡುಗನಿಗೆ ಮನೆಯಲ್ಲಿ ತಂಗಿಯ ಓದೂ ಇದೆ, ಸಂಬಳ ಬಿಡುವಂತಿಲ್ಲ. ಸಂಜೆ ಕೋರ್ಸೇ ಸರಿ, ಆದರೆ ಶುಲ್ಕ ಕಟ್ಟುವ ಮೊದಲು ಎಚ್‌ಆರ್‌ನಿಂದ ಪತ್ರ ತಾರಪ್ಪ ಎಂದು ಕಳಿಸಿದೆ. ಹತ್ತು ದಿನಕ್ಕೆ ಬಂದ. ಕಂಪನಿಯ ಲೆಟರ್‌ಹೆಡ್ ಮೇಲೆ ‘ಜನರಲ್ ಶಿಫ್ಟ್ ನೀಡಲಾಗುವುದು’ ಎಂದಿತ್ತು. ಎಲ್ಲಿಯವರೆಗೆ ಎಂದು ಇರಲಿಲ್ಲ, ಸೀಲೂ ಇರಲಿಲ್ಲ.

‘ಇಷ್ಟು ಸಾಲದಾ ಸರ್?’ ಎಂದ. ‘ಕೋರ್ಸ್ ಮುಗಿಯುವವರೆಗೆ’ ಎಂಬ ಎರಡು ಪದವನ್ನು ಅವನ ಪತ್ರದ ಜೆರಾಕ್ಸ್ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಕೊಟ್ಟು ವಾಪಸ್ ಕಳಿಸಿದ್ದೇನೆ.